ಮಾವನ ಚೀನಾದಲ್ಲಿ ಸಿಚುವಾನ್ ಇರಲಿಲ್ಲ

ಚೀನಾ ದೇಶವನ್ನು ಅಂಗುಲ ಅಂಗುಲವಾಗಿ ಬಲ್ಲ ಕನ್ನಡಿಗರು ಈ ನ್ಯೂಜಿಲೆಂಡಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ. ಯಾವ ಪ್ರಾಂತ್ಯದಲ್ಲಿ ಬೆಳಗಿನ ತಿಂಡಿಗೆ ಏನು ತಿನ್ನುತ್ತಾರೆ, ಯಾವ ಊರಿನ ಬೀದಿ ಮೂಲೆಯಲ್ಲಿ ಏನು ಕರಿಯುತ್ತಾರೆ, ಯಾವ ನದಿ ದಾಟಿದರೆ ಅಕ್ಕಿ ಮುಗಿದು ಗೋಧಿ ಶುರುವಾಗುತ್ತದೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲೇ ಇದೆ. ಒಂದೇ ಒಂದು ಸಣ್ಣ ಕೊರತೆಯೆಂದರೆ ಅವರು ಚೀನಾಕ್ಕೆ ಹೋಗಿಲ್ಲ. ಅದಕ್ಕಿಂತ ಸಣ್ಣ ಇನ್ನೊಂದು ಕೊರತೆಯೆಂದರೆ ಅವರು ಮೊಟ್ಟೆಯನ್ನೂ ಮುಟ್ಟದ ಅಪ್ಪಟ ಸಸ್ಯಾಹಾರಿ. ಇವೆರಡನ್ನು ಬಿಟ್ಟರೆ ಚೀನಾದ ಊಟ ತಿಂಡಿಯ ವಿಷಯದಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ಸ್ವತಃ ಮಾವನೇ ಹೇಳುತ್ತಾರೆ. ಚೀನಿಯರ ಅಭಿಪ್ರಾಯವನ್ನು ನಾನಿನ್ನೂ ಕೇಳಿಲ್ಲ!

ಮಾವ ಇಂಜಿನಿಯರು. ಮೈಸೂರಿನಿಂದ ಮೊದಲು ಕ್ರೈಸ್ಟ್‌ಚರ್ಚ್‌ಗೆ ಬಂದರು. ಭೂಕಂಪವಾದ ಮೇಲೆ ಆ ಊರಿನ ನೆಲದಡಿಯಲ್ಲಿ ಮುರಿದು ಬಿದ್ದಿದ್ದ ಕೊಳವೆಗಳನ್ನೆಲ್ಲ ಜೋಡಿಸುವ ಕೆಲಸ ಮಾಡಿ, ಆಮೇಲೆ ಆಕ್ಲೆಂಡಿನ ಒನೆಹುಂಗಾದಲ್ಲಿ ಮನೆ ಮಾಡಿದರು. ಈಗ ಇಲ್ಲಿಯ ಮೋರಿಗಳ ಯೋಗಕ್ಷೇಮ ಅವರದು. ವಾರವಿಡೀ ಮೋರಿ ನೋಡುವ ಮನುಷ್ಯನಿಗೆ ಶನಿವಾರ ಬಂದರೆ ಸಾಕು, ಚೀನಾದ ಕನಸು ಬೀಳುತ್ತದೆ. ಕನಸು ಎಂದರೆ ನಿದ್ದೆಯಲ್ಲಿ ಬೀಳುವುದಲ್ಲ, ನಮ್ಮನ್ನೆಲ್ಲ ಹತ್ತಿಸಿಕೊಂಡು ಯೂಟ್‌ನಲ್ಲಿ ಹೋಗುವಂಥದ್ದು. ಯೂಟ್ ಅಂದರೆ ಇಲ್ಲಿಯ ಜನ ಓಡಿಸುವ, ಮುಂದೆ ಕಾರು ಹಿಂದೆ ಲಾರಿ ಆಗಿರುವ ಗಾಡಿ. ಮಾವನ ಯೂಟ್‌ನಲ್ಲಿ ವಾರದ ದಿನ ಹಿಂದೆ ಪೈಪುಗಳಿರುತ್ತವೆ, ಶನಿವಾರ ಮುಂದೆ ನಾವಿರುತ್ತೇವೆ.

ಊರಿನಿಂದ ನೆಂಟರು ಬಂದರೆ ಬೇರೆಯವರು ಬಿಸಿನೀರಿನ ಬುಗ್ಗೆ ತೋರಿಸುತ್ತಾರೆ, ಹಿಮದ ಬೆಟ್ಟ ತೋರಿಸುತ್ತಾರೆ. ನಮ್ಮ ಮಾವ ಚೀನಾ ತೋರಿಸುತ್ತಾರೆ. ಈ ಸಲ ಸಿಕ್ಕಿಬಿದ್ದವರು ಮಾವನ ಅಕ್ಕ, ಅಂದರೆ ನನಗೆ ದೊಡ್ಡಮ್ಮ. ಮೈಸೂರಿನಿಂದ ಬಂದು ಹೆಂಡರ್ಸನ್‌ನ ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದರು.

"ನ್ಯೂಜಿಲೆಂಡ್ ನೋಡೋಕೆ ಬಂದೋಳಿಗೆ ಚೀನಾ ಯಾಕೋ ತೋರಿಸ್ತೀಯ?" ಎಂದು ದೊಡ್ಡಮ್ಮ ಮೊದಲ ದಿನವೇ ಕೇಳಿದರು.

"ಅಕ್ಕ, ಒಂದೇ ಟಿಕೆಟ್ಟಲ್ಲಿ ಎರಡು ದೇಶ! ಬೇಡ ಅಂತೀಯಾ?"

ಬೇಡ ಎನ್ನಲು ಸಾಧ್ಯವೇ? ಮೈಸೂರಿನವರು ನಾವು!

ಮಾವನ ಜೊತೆ ಹೊರಟರೆ ಆಕ್ಲೆಂಡ್ ನಿಧಾನವಾಗಿ ಕರಗಿಹೋಗುತ್ತದೆ. ಒನೆಹುಂಗಾದ ಅಂಗಡಿಬೀದಿ ದಾಟಿ ಮನುಕಾವ್ ಕೊಲ್ಲಿಯ ಸೇತುವೆಗೆ ಬಂದರೆ, ಕೆಳಗೆ ಇಳಿತದ ನೀರು ಕೆಸರುಗಟ್ಟಿ ಹೊಳೆಯುತ್ತಿರುತ್ತದೆ. "ಇದು ಹಳದಿ ನದಿ, ನೋಡ್ಕೊಳ್ಳಿ," ಎನ್ನುತ್ತಾರೆ ಮಾವ. ಟ್ರಾಫಿಕ್ ದೀಪ ಕೆಂಪಾದರೆ ಅದು ಪ್ರಾಂತ್ಯದ ಗಡಿ. "ಕಿಟಕಿ ಹಾಕ್ಕೊಳ್ಳಿ, ಆಚೆ ಉತ್ತರ ಚೀನಾ, ಚಳಿ ಜಾಸ್ತಿ!" ನಾವೂ ಮಂಕುಬಡಿದವರ ಹಾಗೆ ಕಿಟಕಿ ಹಾಕಿಕೊಳ್ಳುತ್ತೇವೆ. ಆಶ್ಚರ್ಯವೆಂದರೆ ಆಮೇಲೆ ನನಗೆ ನಿಜವಾಗಿಯೂ ಚಳಿಯಾಗುತ್ತದೆ. ಗೋದಾಮುಗಳ ನಡುವಿನ ರಸ್ತೆಯಲ್ಲಿ ಬಿಸಿಲು ಮಂಜಿನ ಹಾಗೆ ತೇಲುತ್ತದೆ, ಯಾವುದೋ ಅಂಗಡಿಯ ಬಾಗಿಲಿನಿಂದ ಹಬೆ ಬಂದು ಇಡೀ ಬೀದಿಯನ್ನು ಮುಚ್ಚುತ್ತದೆ, ನಾನು ಎಲ್ಲಿದ್ದೇನೆ ಎನ್ನುವುದೇ ಮರೆತುಹೋಗುತ್ತದೆ. ಇಲ್ಲಿಯೇ ಹುಟ್ಟಿದ ನನ್ನ ಮಗಳು ಕನ್ನಡ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಒಂದು ಸಲ ಅವಳು ನನ್ನ ಕಿವಿಯಲ್ಲಿ, "ಮಮ್, ಆರ್ ವಿ ಸ್ಟಿಲ್ ಇನ್ ಆಕ್ಲೆಂಡ್?" ಎಂದು ಕೇಳಿದಳು. ನನಗೆ ಖಚಿತವಾಗಿ ಹೇಳಲಾಗಲಿಲ್ಲ.

ಮಾವ ಚೀನಾವನ್ನು ವಿವರಿಸುವ ಕ್ರಮವೇ ಬೇರೆ. ಅವರ ಭೂಪಟದಲ್ಲಿ ಪ್ರತಿಯೊಂದು ಚೀನೀ ಊರಿಗೂ ಕರ್ನಾಟಕದಲ್ಲಿ ಒಂದು ಅವಳಿ ಊರಿದೆ. "ಷಿಯಾನ್ ಅಂದ್ರೆ ನಮ್ಮ ಗದಗ. ಹಿಟ್ಟು ಬಡಿಯೋ ಸದ್ದು ಕೇಳು, ಥೇಟ್ ರೊಟ್ಟಿ ಬಡಿದ ಹಾಗೇ! ಕ್ವಾಂಗ್‌ಚೌ ಅಂದ್ರೆ ಉಡುಪಿ, ಎಲ್ಲ ಹಬೇಲಿ ಬೇಯಿಸೋದು. ಶಾಂಘೈ ಅಂದ್ರೆ ಮಂಡ್ಯ, ಪಲ್ಯಕ್ಕೂ ಸಿಹಿ ಹಾಕ್ತಾರೆ." ಶುಂಠಿಯ ಪಾಕದಲ್ಲಿ ತೇಲುವ ಮೆತ್ತನೆಯ ಸೋಯಾಹಾಲಿನ ಗಡ್ಡೆಯನ್ನು ಕಂಡರೆ "ಗಿಣ್ಣು! ಕರು ಹಾಕದೇ ಇರೋ ಹಸುವಿನ ಗಿಣ್ಣು!" ಎಂದು ಕೂಗುತ್ತಾರೆ. ಪಕ್ಕದ ಮೇಜಿನವರು ಬೆಚ್ಚಿಬೀಳುತ್ತಾರೆ.

ಟಿಯಾಂಜಿನ್ ಅಂದರೆ ದಾವಣಗೆರೆ. ಯಾಕೆಂದರೆ ಅಲ್ಲಿ ಹೆಸರುಬೇಳೆ ಹಿಟ್ಟಿನ ದೋಸೆ ಮಾಡುತ್ತಾರೆ. ಶನಿವಾರದ ಸಂತೆಯಲ್ಲಿ ಅದನ್ನು ಹುಯ್ದು ಕೊಡುವ ಟಿಯಾಂಜಿನ್ ಹೆಂಗಸು ಒಬ್ಬರಿದ್ದಾರೆ. ದೋಸೆಯ ಮೇಲೆ ಮೊಟ್ಟೆ ಒಡೆಯದೆ ಅವರ ಕೈ ನಿಲ್ಲುವುದಿಲ್ಲ. ಮಾವನಿಗೋ ಮೊಟ್ಟೆ ಕೂಡದು. "ಆಂಟಿ, ನೋ ಎಗ್!" ಎಂದು ಮಾವ ಕೂಗುವಷ್ಟರಲ್ಲಿ ಟಪ್ ಎಂದು ಮೊಟ್ಟೆ ಬಿದ್ದಾಗಿರುತ್ತಿತ್ತು. ಮಾವನಿಗಿಂತ ಅವರು ಚಿಕ್ಕವರು, ಆಂಟಿ ಎಂದಿದ್ದಕ್ಕೆ ಸಿಟ್ಟೋ ಏನೋ. ಕೊನೆಗೆ ಮಾವ ಇಂಗ್ಲಿಷ್ ಕೈಬಿಟ್ಟು, "ತಾಯಿ, ನಿಮ್ಮ ಮೊಟ್ಟೆ ನಿಮಗಿರಲಿ, ನಮ್ಮ ಜಾತಿ ಕೆಡಿಸಬೇಡಿ," ಎಂದು ಕೈಮುಗಿದು ಕನ್ನಡದಲ್ಲೇ ಬೇಡಿಕೊಂಡರು. ಅವರು ಚೀನೀ ಭಾಷೆಯಲ್ಲಿ ಉದ್ದಕ್ಕೆ ಏನೋ ಬೈದರು. ಅಂದಿನಿಂದ ಇಬ್ಬರಿಗೂ ಬಹಳ ಸ್ನೇಹ. ಈಗ ನಮ್ಮ ಯೂಟ್ ಕಂಡ ಕೂಡಲೇ ಆಕೆ ಒಂದು ಮೊಟ್ಟೆಯನ್ನು ಮೇಲೆತ್ತಿ ತೋರಿಸಿ, ನಕ್ಕು, ಬುಟ್ಟಿಯಲ್ಲಿ ವಾಪಸ್ಸು ಇಡುತ್ತಾರೆ.

ಇಷ್ಟೆಲ್ಲ ಹೇಳಿ ಮಾವನ ಹೆಂಡತಿ, ನಮ್ಮ ಅತ್ತೆಯ ವಿಷಯ ಹೇಳದಿದ್ದರೆ ಕಥೆ ಅರ್ಧವೇ. ಈ ಚೀನಾ ಹುಚ್ಚಿನ ಮೂಲ ಮಾವನಲ್ಲ, ಅತ್ತೆ. ಅತ್ತೆಯ ತವರು ಕುಮಟಾ. ಕ್ರೈಸ್ಟ್‌ಚರ್ಚ್‌ನಲ್ಲಿ ಹೊಸದಾಗಿ ಸಂಸಾರ ಹೂಡಿದ್ದಾಗ ಪಕ್ಕದ ಮನೆಯಲ್ಲಿ ಸಿಚುವಾನ್ ಪ್ರಾಂತ್ಯದ ಹೆಂಗಸೊಬ್ಬರಿದ್ದರಂತೆ. ಒಂದು ದಿನ ಅವರ ಅಡುಗೆಮನೆಯಿಂದ ಏನೋ ಹುರಿಯುವ ವಾಸನೆ ಬಂತು. ಅತ್ತೆ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ, ಬರಿಗಾಲಲ್ಲಿ ಓಡಿಹೋಗಿ ಆ ಮನೆಯ ಬಾಗಿಲು ತಟ್ಟಿದರು. ಒಳಗೆ ಬಾಣಲೆಯಲ್ಲಿದ್ದುದು ತೆಪ್ಪಲ! ಕುಮಟಾ ಕಡೆ ಸಾರಿಗೆ, ಹುಳಿಗೆ ಹಾಕುವ, ಬಾಯಿಗಿಟ್ಟರೆ ತುಟಿ ಜುಮ್ಮೆನ್ನಿಸುವ ಕಾಳು. ಅದಲ್ಲದಿದ್ದರೆ ಅದರ ಖಾಸಾ ತಂಗಿ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಇಬ್ಬರು ಹೆಂಗಸರು ಹೊಸಿಲಲ್ಲಿ ನಿಂತು ಒಂದೊಂದು ಕಾಳು ಅಗಿದು, ತುಟಿ ಮರಗಟ್ಟಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಅವತ್ತೇ ಅತ್ತೆ ತೀರ್ಮಾನಿಸಿದ್ದು, ಮಾವ ನಿವೃತ್ತಿಯಾದ ಕೂಡಲೇ ಚೀನಾಕ್ಕೆ ಹೋಗಿ ಆ ಮರವನ್ನು ನೋಡಬೇಕು ಎಂದು. ಮಾವ ಚೀನಾ ಓದತೊಡಗಿದ್ದು ಆಮೇಲೆ.

ಆದರೆ ಹಿಂದಿನ ಒಂದು ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಅತ್ತೆಯ ಮೂಗನ್ನು ಕರೆದುಕೊಂಡು ಹೋಯಿತು. ಅದರ ಹಿಂದೆಯೇ ನಾಲಿಗೆಯೂ ಹೊರಟಿತು. ಡಾಕ್ಟರು, ಕಾಯಿರಿ, ಬಂದರೂ ಬರಬಹುದು ಎಂದರು. ನಮ್ಮ ಮನೆತನದಲ್ಲೇ ಅತ್ತೆಯಂಥ ಅಡುಗೆಯ ಕೈ ಇನ್ನೊಂದಿರಲಿಲ್ಲ. "ಕಾಫಿ ಅಂದ್ರೆ ಬಿಸಿನೀರು, ಒಗ್ಗರಣೆ ಅಂದ್ರೆ ಬರೀ ಸದ್ದು. ಖಾರ ಹಾಕ್ಕೊಂಡ್ರೆ ಉರಿ ಇದೆ, ರುಚಿ ಇಲ್ಲ," ಎನ್ನುತ್ತಿದ್ದರು ಅತ್ತೆ, ನಗುತ್ತಲೇ. ಚೀನಾ ಪ್ರವಾಸದ ಮಾತೆತ್ತಿದರೆ, "ಅಷ್ಟು ದೂರ ಹೋಗಿ ಬಿಸಿ, ತಣ್ಣಗೆ ಅಂತ ಎರಡೇ ರುಚಿ ನೋಡ್ಲಾ?" ಎಂದು ಆ ಬಾಗಿಲು ಮುಚ್ಚಿಬಿಟ್ಟರು. ಚೀನಾಕ್ಕೆ ಹೋಗಲಾಗದಿದ್ದರೆ ಚೀನಾವನ್ನೇ ಆಕ್ಲೆಂಡಿಗೆ ಎಳೆದು ತರುತ್ತೇನೆ ಎಂದು ಮಾವ ಯೂಟ್ ಹತ್ತಿದ್ದು ಆಗಲೇ.

ಅತ್ತೆ ಎಲ್ಲದಕ್ಕೂ ಒಪ್ಪಿದರು. ಒಂದಕ್ಕೆ ಮಾತ್ರ ಒಪ್ಪಲಿಲ್ಲ. "ಸಿಚುವಾನ್ ಬೇಡ. ಮಿಕ್ಕಿದ್ದೆಲ್ಲ ಹೋದ್ರೆ ಹೋಗ್ಲಿ. ತೆಪ್ಪಲಾನೂ ಹೋಗಿದೆ ಅಂತ ನಂಗೆ ಗೊತ್ತಾಗೋದು ಬೇಡ," ಎಂದು ನನ್ನೆದುರಿಗೇ ಹೇಳಿದ್ದರು. ಮಾವ ಮರುಮಾತಾಡದೆ ತಮ್ಮ ಚೀನಾದಿಂದ ಸಿಚುವಾನನ್ನು ತೆಗೆದುಹಾಕಿದರು. ಪ್ರವಾಸಕ್ಕೆ ಬಂದ ನೆಂಟರು ಯಾರಾದರೂ ಕೇಳಿದರೆ, "ಅಲ್ಲಿ ರಸ್ತೆ ರಿಪೇರಿ," "ವೀಸಾ ಸಿಕ್ಕಿಲ್ಲ," "ಅಲ್ಲಿ ಈಗ ಮಳೆಗಾಲ," ಹೀಗೆ ಬಾಯಿಗೆ ಬಂದ ನೆಪ. ತಮಾಷೆಯೆಂದರೆ ಅವರ ಈ ಸಿಚುವಾನ್ ಇದ್ದದ್ದು ಹೆಂಡರ್ಸನ್‌ನಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ, ಒಂದು ಪುಟ್ಟ ಅಂಗಡಿಯಾಗಿ. ಅತ್ತೆ ಜೊತೆಗಿದ್ದರೆ ಮಾವ ನಮ್ಮ ಮನೆಗೆ ಬರುವಾಗ ಆ ಬೀದಿ ತಪ್ಪಿಸಿ, ಊರೆಲ್ಲ ಸುತ್ತಿ ಬರುತ್ತಿದ್ದರು!

ಅತ್ತೆಯ ಮೂಗನ್ನು ಎಬ್ಬಿಸಲು ಮಾವ ಪಟ್ಟ ಪಾಡು ಮಾತ್ರ ಒಂದೆರಡಲ್ಲ. ಹುನಾನ್ ಪ್ರಾಂತ್ಯದಲ್ಲಿ ಸೋಯಾ ಪನೀರನ್ನು ಹುಳಿಬರಿಸಿ, ಕೊಳೆಯಿಸಿ, ಆಮೇಲೆ ಕರಿದು ತಿನ್ನುತ್ತಾರಂತೆ. ಸಂತೆಯಲ್ಲಿ ಆ ಅಂಗಡಿ ಎಲ್ಲಿದೆ ಎಂದು ಕೇಳಬೇಕಾಗಿಲ್ಲ, ಜನ ಯಾವ ದಿಕ್ಕಿನಿಂದ ಓಡಿಬರುತ್ತಾರೆ ಎಂದು ನೋಡಿದರೆ ಸಾಕು. ದೊಡ್ಡಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಸತ್ತೆನಪ್ಪೋ!" ಎನ್ನುತ್ತ ಯೂಟ್‌ಗೆ ಓಡಿದರು. ನನ್ನ ಮಗಳು ಅವರಿಗಿಂತ ಮುಂಚೆ ಓಡಿದ್ದಳು. ನಾನು ಮರ್ಯಾದೆಗೆ ನಿಂತಿದ್ದೆ, ಉಸಿರಾಡುತ್ತಿರಲಿಲ್ಲ. ಅತ್ತೆ ಒಬ್ಬರೇ ಆ ಬಾಣಲೆಯ ಪಕ್ಕದ ಬೆಂಚಿನ ಮೇಲೆ ದೇವಸ್ಥಾನದ ಜಗಲಿಯಲ್ಲಿ ಕೂತ ಹಾಗೆ ನೆಮ್ಮದಿಯಾಗಿ ಕುಳಿತಿದ್ದರು. ಮಾವ ಒಂದು ತುಂಡನ್ನು ಅವರ ಮೂಗಿನ ಹತ್ತಿರ ಹಿಡಿದು, "ಏನಾದ್ರೂ?" ಎಂದರು.

"ಏನೂ ಇಲ್ಲ ರೀ. ನೀವ್ಯಾಕೆ ಅಳ್ತಿದೀರಿ?"

"ಅಳ್ತಿಲ್ಲ, ಇದರ ಘಾಟು!"

ಮಾವ ಸೋಲೊಪ್ಪದೆ ಮಿಕ್ಕಿದ್ದನ್ನು ಡಬ್ಬಿಯಲ್ಲಿ ತುಂಬಿಸಿ ಯೂಟ್‌ನಲ್ಲಿಟ್ಟು ಮರೆತರು. ಸೋಮವಾರ ಅವರ ಆಫೀಸಿನಲ್ಲಿ ಪಾರ್ಕಿಂಗಿನ ಕೆಳಗೆ ಎಲ್ಲೋ ಮೋರಿ ಒಡೆದಿದೆ ಎಂದು ದೂರು ಬಂತು. ತಪಾಸಣೆಗೆ ಕಳಿಸಿದ್ದು ಯಾರನ್ನು? ನಮ್ಮ ಮಾವನನ್ನೇ! ಅವರು ಗಂಭೀರವಾಗಿ ಮುಚ್ಚಳಗಳನ್ನೆಲ್ಲ ತೆಗೆದು ನೋಡಿ, ಯಾವ ದೋಷವೂ ಇಲ್ಲವೆಂದು ವರದಿ ಕೊಟ್ಟು, ಡಬ್ಬಿಯನ್ನು ಮೆಲ್ಲಗೆ ಕಸಕ್ಕೆ ಹಾಕಿ ಬಂದರಂತೆ.

ದೊಡ್ಡಮ್ಮನಿಗೆ ಚೀನಾದ ಮೇಲೆ ಹೋದ ವಿಶ್ವಾಸ ಮರಳಿದ್ದು ಏಕಾದಶಿಯ ಮರುದಿನ. ಮಾವ ನಮ್ಮನ್ನು ಬೌದ್ಧರ ಸಸ್ಯಾಹಾರಿ ಊಟದ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಮಾಂಸ ಮೊಟ್ಟೆ ಇಲ್ಲ ಎನ್ನುವುದು ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! "ನೋಡಿದ್ಯಾ ಅಕ್ಕ? ಚೀನಾದಲ್ಲೂ ಮಡಿ ಇದೆ!" ಎಂದು ಮಾವ ತಾವೇ ಆ ಪದ್ಧತಿ ಕಂಡುಹಿಡಿದವರ ಹಾಗೆ ಬೀಗಿದರು. ದೊಡ್ಡಮ್ಮ ಸಂತೋಷದಿಂದ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ತಟ್ಟೆಯಲ್ಲಿ ಬಾತುಕೋಳಿ ಬಂತು.

ಅದು ಬಾತುಕೋಳಿಯಲ್ಲ, ಸೋಯಾದ ಕೆನೆಯನ್ನು ಪದರ ಪದರವಾಗಿ ಸುತ್ತಿ ಹುರಿದದ್ದು. ಆದರೆ ಮಾಡಿದವರ ಕೈಚಳಕ ಎಂಥದ್ದೆಂದರೆ ಚರ್ಮ ಇತ್ತು, ಚರ್ಮದ ಮೇಲೆ ಗರಿ ಕಿತ್ತ ಗುರುತೂ ಇತ್ತು. ದೊಡ್ಡಮ್ಮ ಕುರ್ಚಿಯನ್ನು ಹಿಂದೆ ಸರಿಸಿದರು.

"ಇದು ಸೋಯಾ ಅಂತ ನೀನು ಹೇಳ್ತಿದೀಯ. ಅದಕ್ಕೆ ಗೊತ್ತಾ, ತಾನು ಸೋಯಾ ಅಂತ?"

"ಅಕ್ಕ, ಕಾಳು ಕಣೇ, ಬರೀ ಕಾಳು!"

ಬಹಳ ಹೊತ್ತಿನ ಮೇಲೆ ದೊಡ್ಡಮ್ಮ ಕೃಷ್ಣಾರ್ಪಣ ಎಂದು ಕಣ್ಣು ಮುಚ್ಚಿ ಒಂದು ಚೂರು ಬಾಯಿಗಿಟ್ಟರು. ಕಣ್ಣು ಮುಚ್ಚಿಕೊಂಡೇ ಇನ್ನೊಂದು ಚೂರು. ತಟ್ಟೆ ಖಾಲಿಯಾದ ಮೇಲೆ ಕಣ್ಣು ಬಿಟ್ಟು, "ಇಂಥ ಪಾಪದ ರುಚಿ ಪುಣ್ಯದ ಅಡುಗೇಲಿ ಹ್ಯಾಗೋ ಬಂತು? ಇನ್ನೊಂದು ಪ್ಲೇಟ್ ಹೇಳು," ಎಂದರು.

ಮಾವ ಎಂದಿನಂತೆ ವ್ಯಾಖ್ಯಾನ ಶುರುಮಾಡಿದರು. ಹೊರಗಿನ ಪದರ ಚಕ್ಕುಲಿಯ ಹಾಗೆ ಮುರಿಯುತ್ತದೆ, ಒಳಗಿನದು ಹಲಸಿನ ತೊಳೆಯ ಹಾಗೆ ಎಳೆ ಬಿಡುತ್ತದೆ, ಮೊದಲು ಬೆಲ್ಲದ ಸಿಹಿ, ಆಮೇಲೆ ಚಕ್ರಮೊಗ್ಗಿನ ಘಮ, ನಿಮ್ಮ ಕುಮಟಾದ ತೇರುಪೇಟೆಯ ಮಿಠಾಯಿ ಅಂಗಡಿ ನೆನಪಿದೆಯಾ, ಅಲ್ಲಿ ಸಂಜೆ ಹೊತ್ತು ಬರುವಂಥ ಘಮ... ನಿಲ್ಲುವ ಲಕ್ಷಣವೇ ಇಲ್ಲ. ದೊಡ್ಡಮ್ಮನ ತಾಳ್ಮೆ ಮುಗಿಯಿತು.

"ಎಷ್ಟೋ ಮಾತಾಡ್ತೀಯ? ನೆಮ್ಮದಿಯಾಗಿ ತಿನ್ನೋಕಾದ್ರೂ ಬಿಡೋ!"

ಆಗ ಅತ್ತೆ ಮೆಲ್ಲಗೆ ಹೇಳಿದರು: "ಮಾತಾಡ್ಲಿ ಬಿಡಿ ಅಕ್ಕ. ನನ್ನ ಪಾಲಿಗೆ ಬರೋದು ಅದೇ."

ಇಷ್ಟು ದಿನ ಗದಗ, ಉಡುಪಿ, ದಾವಣಗೆರೆ ಎಂದು ಮಾವ ಕೊರೆಯುತ್ತಿದ್ದುದು ನಮ್ಮ ತಲೆಯನ್ನು ಎಂದು ನಾನು ಎಣಿಸಿದ್ದೆ. ನಮ್ಮ ಕಡೆ ತಿರುಗಿ ಮಾತಾಡುತ್ತಿದ್ದರು, ನಿಜ. ಆದರೆ ಬಡಿಸುತ್ತಿದ್ದುದು ಅತ್ತೆಗೆ. ಅತ್ತೆ ಬಲ್ಲ ಊರುಗಳ, ಅತ್ತೆ ತಿಂದಿದ್ದ ತಿಂಡಿಗಳ ಹೆಸರುಗಳನ್ನು ಹುಡುಕಿ ಹುಡುಕಿ, ಪ್ರತಿಯೊಂದು ರುಚಿಯನ್ನೂ ಅತ್ತೆಯ ನೆನಪಿನ ತಟ್ಟೆಗೆ ಹಾಕುತ್ತಿದ್ದರು. ದೊಡ್ಡಮ್ಮ ಕಣ್ಣೊರೆಸಿಕೊಂಡು, "ಸರಿ, ಮುಂದಕ್ಕೆ ಹೇಳೋ, ಮಿಠಾಯಿ ಅಂಗಡೀಲಿ ನಿಲ್ಲಿಸಿದ್ದೆ," ಎಂದರು.

ದೊಡ್ಡಮ್ಮ ಊರಿಗೆ ಹೊರಡುವ ಹಿಂದಿನ ಶನಿವಾರ ಎಲ್ಲರೂ ಯೂಟ್ ಹತ್ತಿದ್ದೆವು. ಮಾವ ಗೈಡುಗಳ ಗತ್ತಿನಲ್ಲಿ, "ಅಕ್ಕ, ಇವತ್ತಿಗೆ ನೀನು ಇಡೀ ಚೀನಾ ನೋಡಿ ಮುಗಿಸಿದ ಹಾಗೆ!" ಎಂದು ಘೋಷಿಸಿದರು.

"ವಾಟ್ ಅಬೌಟ್ ಸಿಚುವಾನ್?" ಎಂದಳು ನನ್ನ ಮಗಳು.

ಮಾವ ಕನ್ನಡಿ ಸರಿಪಡಿಸಿದರು. "ಅಲ್ಲಿ ರಸ್ತೆ ರಿಪೇರಿ..." ಎಂದು ಶುರುಮಾಡಿದರು.

"ಹೋಗೋಣ," ಎಂದರು ಅತ್ತೆ, ಕಿಟಕಿಯ ಹೊರಗೆ ನೋಡುತ್ತ.

"ಬೇಡ ಅಂದಿದ್ಯಲ್ಲೇ?"

"ಅಕ್ಕ ಊರಿಗೆ ಹೋಗ್ತಿದಾರೆ. ಪೂರ್ತಿ ತೋರಿಸಿ ಕಳಿಸಬೇಕಲ್ವಾ? ನೆಂಟರಿಗೆ ಅರ್ಧ ಬಡಿಸಿ ಕಳಿಸ್ತಾರಾ ಯಾರಾದ್ರೂ?"

ದೊಡ್ಡಮ್ಮನಿಗೆ ಸಿಚುವಾನೂ ಬೇಕಾಗಿರಲಿಲ್ಲ, ಇನ್ನೊಂದೂ ಬೇಕಾಗಿರಲಿಲ್ಲ. ಆದರೆ ಅವರೂ ಜಾಣೆ. "ಹೌದು ಕಣೋ, ನೋಡದೇ ಹೋದ್ರೆ ನಂಗೂ ಕೊರಗು," ಎಂದುಬಿಟ್ಟರು.

ಹೆಂಡರ್ಸನ್ ಸೇರುವವರೆಗೆ ಮಾವ ಒಂದು ನದಿಯನ್ನೂ ತೋರಿಸಲಿಲ್ಲ, ಒಂದು ಗಡಿಯನ್ನೂ ಹೇಳಲಿಲ್ಲ. ತಿರುವು ಮುಗಿದರೂ ಅವರ ಇಂಡಿಕೇಟರು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಆ ಪುಟ್ಟ ಅಂಗಡಿಯ ಗಾಜಿನ ಮೇಲೆಲ್ಲ ಹಬೆ ಕಟ್ಟಿತ್ತು. ಒಳಗಿನಿಂದ ನೋಡಿದರೆ ಹೊರಗಿನ ಕಾರುಗಳು, ಜನ, ಸಂಜೆಯ ಬಿಸಿಲು ಎಲ್ಲವೂ ನೀರಿನಡಿಯಲ್ಲಿ ಅಲುಗಾಡುವ ಬಣ್ಣಗಳಾಗಿದ್ದವು. ಮಾವ ಬಟಾಣಿ ಹಿಟ್ಟಿನಿಂದ ಮಾಡಿ ತಣ್ಣಗಾಗಿಸಿದ, ಅಲುಗಾಡುವ ಪಟ್ಟಿಗಳನ್ನು ತರಲು ಹೇಳಿದರು. ಮಾಂಸವಿಲ್ಲವೆಂದು ಕೇಳಿ ಖಚಿತ ಮಾಡಿಕೊಂಡು ಬಂದು ಕುಳಿತರು. ತಟ್ಟೆ ಬಂತು. ಮೇಲೆ ಕೆಂಪೆಣ್ಣೆ, ಎಣ್ಣೆಯ ಮೇಲೆ ಕುಟ್ಟಿದ ಆ ಕಾಳು. ನನ್ನ ಮೂಗಿಗೆ ನಿಂಬೆಸಿಪ್ಪೆಯ ಹಾಗೆ, ಮಣ್ಣಿನ ಹಾಗೆ ಎರಡೂ ಸೇರಿದ ಘಮ ಬಂತು.

"ಇದು..." ಎಂದರು ಮಾವ. ತಟ್ಟೆಯನ್ನು ಅತ್ತೆಯ ಕಡೆ ಸರಿಸಿ ಮತ್ತೆ, "ಇದು..." ಎಂದರು. ಇಡೀ ಚೀನಾವನ್ನು ಬಾಯಲ್ಲಿ ಹೊತ್ತು ತಿರುಗಿದ ಮನುಷ್ಯನಿಗೆ ಮುಂದಿನ ಮಾತು ಹೊರಡಲಿಲ್ಲ.

ಅತ್ತೆ ಒಂದು ಪಟ್ಟಿಯನ್ನು ಬಾಯಿಗಿಟ್ಟುಕೊಂಡರು. ಅಗಿದರು. ಮುಖದಲ್ಲಿ ಏನೂ ಇಲ್ಲ. ನುಂಗಿದರು. ಮಾವ ಖಾಲಿಯಾಗಿದ್ದ ಟೀ ಬಟ್ಟಲನ್ನೇ ಎತ್ತಿ ಕುಡಿದರು.

"ರೀ."

"ಹೂಂ?"

"ವಾಸನೆ ಬರ್ಲಿಲ್ಲ."

"ಹೋಗ್ಲಿ ಬಿಡೆ."

"ರುಚೀನೂ ಇಲ್ಲ."

"ಬಿಡು ಅಂದೆನಲ್ಲ. ಎದ್ದೇಳು, ನಾವು ಬೇರೆ ಕಡೆ..."

"ಸ್ವಲ್ಪ ಸುಮ್ಮನಿರ್ತೀರಾ?" ಅತ್ತೆ ಕೆಳತುಟಿಯ ಮೇಲೆ ಬೆರಳಿಟ್ಟುಕೊಂಡರು. "ತುಟಿ... ತುಟಿ ಜುಮ್ ಅಂತಿದೆ ರೀ. ನಾಲಿಗೆ ತುದೀನೂ."

ಅತ್ತೆ ಇನ್ನೊಂದು ಪಟ್ಟಿ ತಿಂದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ತುಟಿ ನಗುತ್ತಿತ್ತು. ಮಾವ ಏನೋ ಹೇಳಲು ಬಾಯಿ ತೆರೆದರು.

"ನೀವೇನೂ ಹೇಳ್ಬೇಡಿ. ಇವತ್ತು ನಾನು ಹೇಳ್ತೀನಿ," ಎಂದರು ಅತ್ತೆ. "ಶಾಲೆಗೆ ಹೋಗೋ ದಾರೀಲಿ ಇತ್ತು ಆ ಮರ. ಮೈಯೆಲ್ಲ ಮುಳ್ಳು. ಹಸಿ ಕಾಯಿ ಕಿತ್ಕೊಂಡು ಬಾಯಲ್ಲಿ ಇಟ್ಕೊಂಡು, ಯಾರು ಮೊದಲು ಉಗೀತಾರೋ ಅವರು ಸೋತ ಹಾಗೆ. ನಾನು ಒಂದು ಸಲಾನೂ ಉಗೀಲಿಲ್ಲ. ಪ್ರಾರ್ಥನೆಗೆ ನಿಂತ್ರೆ ತುಟಿ ಮರಗಟ್ಟಿ ಹಾಡೋಕೇ ಬರ್ತಿರ್ಲಿಲ್ಲ, ಮೇಷ್ಟ್ರು ಬಯ್ಯೋರು..."

ಅತ್ತೆ ಹೇಳುತ್ತಲೇ ಹೋದರು. ಶಾಲೆಯಿಂದ ಸಮುದ್ರದ ದಂಡೆಗೆ, ಅಲ್ಲಿಂದ ಅವರ ಅಮ್ಮನ ಒಲೆಯ ಮುಂದಕ್ಕೆ, ಒಂದೊಂದೇ ತಿರುವು ತೋರಿಸುತ್ತ ನಮ್ಮನ್ನೆಲ್ಲ ಕರೆದುಕೊಂಡು ಹೋದರು. ಹಬೆ ಕಟ್ಟಿದ ಗಾಜಿನಾಚೆ ಹೆಂಡರ್ಸನ್ ಎಲ್ಲೋ ಕರಗಿಹೋಗಿತ್ತು. ನಮ್ಮ ಮಾವ ತಿನ್ನುವುದನ್ನೂ ಮರೆತು, ಮೊದಲ ಸಲ ಪರದೇಶಕ್ಕೆ ಬಂದ ಪ್ರವಾಸಿಯ ಹಾಗೆ ಅತ್ತೆಯ ಮುಖವನ್ನೇ ನೋಡುತ್ತ ಕುಳಿತಿದ್ದರು. ಅತ್ತೆ ಉಸಿರು ತೆಗೆದುಕೊಳ್ಳಲು ನಿಂತಾಗ ಮಾತ್ರ ಮೆಲ್ಲಗೆ, "ಆಮೇಲೆ?" ಎಂದು ಕೇಳುತ್ತಿದ್ದರು.